ಮೂರೂ ಒಂದಾದ ಮೇಲೆ

ಅರಸೀಕೆರೆ, ಹಳೇಬೀಡು, ಬೇಲೂರು ಸೀಮೆಯಲ್ಲಿ ಈಚಿನ ವರ್ಷಗಳಲ್ಲಿ ಮದುವೆಯಾದ ಬಹಳಷ್ಟು ಜನರ ಮುಖಗಳು ಶಿವಪ್ರಕಾಶ್ ಅವರ ಸ್ಟುಡಿಯೊಗಳಲ್ಲಿ ಇದ್ದವು. ಮದುವೆ ಮಾತ್ರವಲ್ಲ, ನಾಮಕರಣ, ಗೃಹಪ್ರವೇಶ, ಶಾಲೆಯ ವಾರ್ಷಿಕೋತ್ಸವ, ಕೊನೆಗೆ ಸತ್ತವರ ಹನ್ನೊಂದನೆಯ ದಿನದ ಫ್ಲೆಕ್ಸಿಗೆ ಬೇಕಾಗುವ ಫೋಟೋ ಕೂಡ. ಜನ ಆಲ್ಬಂ ಕಳೆದುಕೊಳ್ಳುತ್ತಾರೆ. ಪೆನ್‌ಡ್ರೈವನ್ನು ಮಕ್ಕಳ ಕೈಗೆ ಕೊಟ್ಟು ಹಾಳು ಮಾಡುತ್ತಾರೆ. ಆಮೇಲೆ ಸ್ಟುಡಿಯೊಗೆ ಬಂದು, “ನಿಮ್ಮತ್ರ ಇದ್ದೇ ಇರ್ತದಲ್ಲ ಸಾರ್” ಎನ್ನುತ್ತಾರೆ. ಇರುತ್ತಿತ್ತು. ಇರುವ ಹಾಗೆ ನೋಡಿಕೊಳ್ಳುತ್ತಿದ್ದವಳು ನಮ್ಮ ಪಕ್ಕದ ಮನೆಯ ಲತಾಮಣಿ.

ಲತಾಮಣಿ ಹತ್ತಿರದ ಗಂಡಸಿ ಊರಿನವಳು. ಅಪ್ಪ ಹನುಮಯ್ಯ ಕೊಬ್ಬರಿ ಮಂಡಿಯಲ್ಲಿ ಕಾಯಿ ಸುಲಿದು ಮಗಳನ್ನು ಕಂಪ್ಯೂಟರ್ ಡಿಪ್ಲೊಮಾ ಓದಿಸಿದವರು. ಗಂಡ ಭೀಮರಾಜ್ ಅರಸೀಕೆರೆಯ ಪ್ರೌಢಶಾಲೆಯಲ್ಲಿ ನನ್ನ ಜೊತೆ ವಿಜ್ಞಾನದ ಮೇಷ್ಟರು. ಅವಳ ಹೆಗಲಿಗೆ ಸದಾ ಒಂದು ದೊಡ್ಡ ಚೀಲ. ಅದರೊಳಗೆ ಊಟದ ಡಬ್ಬಿಯ ಪಕ್ಕದಲ್ಲೇ ಸ್ಕ್ರೂಡ್ರೈವರು, ತಂತಿ, ಒಂದೆರಡು ಹಾರ್ಡ್‌ಡಿಸ್ಕು. ಮಾತು ಕಡಿಮೆ. ಯಂತ್ರದ ಮುಂದೆ ಕೂತಾಗ ಮಾತ್ರ ತಲೆ ಒಂದು ಕಡೆ ವಾಲಿಸಿ ಕಿವಿಗೊಡುತ್ತಿದ್ದಳು. “ಡಿಸ್ಕು ಸಾಯೋಕೆ ಮುಂಚೆ ಕೆಮ್ಮುತ್ತೆ ಮೇಷ್ಟ್ರೇ, ಕೇಳಿಸ್ಕೊಂಡ್ರೆ ಗೊತ್ತಾಗುತ್ತೆ” ಎಂದು ಒಮ್ಮೆ ನನಗೆ ಹೇಳಿದ್ದಳು.

ಮೂರು ಸ್ಟುಡಿಯೊಗಳಲ್ಲೂ ಒಂದೊಂದು ಕಪ್ಪು ಪೆಟ್ಟಿಗೆ ಇತ್ತು. ಸರ್ವರ್ ಎಂದು ಕರೆದರೂ ನೋಡಲು ಹಳೆಯ ಕಾಲದ ರೇಡಿಯೊದಷ್ಟೇ. ಕ್ಯಾಮೆರಾದಲ್ಲಿ ಹಿಡಿದದ್ದೆಲ್ಲ ಆಯಾ ದಿನವೇ ಅದರೊಳಗೆ ಒಂದು ಪ್ರತಿಯಾಗಿ ಹೋಗಿ ಕೂರಬೇಕು. ಅಂಗಡಿಯ ಕಂಪ್ಯೂಟರು ಕೆಟ್ಟರೂ ಆ ಪ್ರತಿ ಉಳಿಯಬೇಕು. ಬೇಲೂರಿನದು ಬೇಲೂರಿಗೆ, ಹಳೇಬೀಡಿನದು ಹಳೇಬೀಡಿಗೆ, ಒಂದಕ್ಕೊಂದು ಸಂಬಂಧವಿರಲಿಲ್ಲ. ಹಾಗಾಗಿ ಲತಾಮಣಿ ವಾರವಾರವೂ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿ, ಹಳೇಬೀಡಿನಲ್ಲಿ ಇಳಿದು ಅಲ್ಲಿನ ಪೆಟ್ಟಿಗೆ ನೋಡಿ, ಮತ್ತೆ ಬೇಲೂರಿನ ಬಸ್ಸು ಹತ್ತುತ್ತಿದ್ದಳು. ಒಂದು ಸಲ ಹಳೇಬೀಡಿನ ಪೆಟ್ಟಿಗೆ ಯಾರಿಗೂ ತಿಳಿಯದಂತೆ ಪ್ರತಿ ಮಾಡುವುದನ್ನೇ ನಿಲ್ಲಿಸಿಬಿಟ್ಟಿತ್ತು. ದೀಪ ಉರಿಯುತ್ತಿತ್ತು, ಒಳಗೆ ಏನೂ ಸೇರುತ್ತಿರಲಿಲ್ಲ. ಅದು ಅವಳನ್ನು ಬಹಳ ಕಾಡಿತು. ಅಂದೇ ಶಿವಪ್ರಕಾಶ್ ಅವರ ಬಳಿ ಹೋಗಿ ಹೇಳಿದಳು.

“ಸರ್, ಮೂರನ್ನೂ ಒಂದು ಮಾಡೋಣ.”

“ಒಂದು ಅಂದ್ರೆ?”

“ಪೆಟ್ಟಿಗೆ ಮೂರೇ ಇರ್ತವೆ. ಆದ್ರೆ ಒಂದೇ ಪೆಟ್ಟಿಗೆ ಥರ ನಡ್ಕೊಳ್ತವೆ. ಬೇಲೂರಲ್ಲಿ ಒಂದು ಫೋಟೋ ಹಾಕಿದ್ರೆ ಹಳೇಬೀಡಿಗೂ ಬರುತ್ತೆ, ಇಲ್ಲಿಗೂ ಬರುತ್ತೆ. ಎಲ್ಲಿ ಏನು ಕೆಟ್ಟಿದೆ ಅಂತ ಇಲ್ಲೇ ಕೂತು ಒಂದೇ ಸ್ಕ್ರೀನಲ್ಲಿ ನೋಡ್ಬಹುದು.”

“ಹಂಗಾದ್ರೆ ನಿನ್ನ ಬಸ್ಸಿನ ಓಡಾಟ ತಪ್ಪಿತು ಅನ್ನು” ಎಂದು ಶಿವಪ್ರಕಾಶ್ ನಕ್ಕರು. ಕೆಟ್ಟ ಮನುಷ್ಯರಲ್ಲ. ಒಂದೇ ಕ್ಯಾಮೆರಾದಿಂದ ಶುರು ಮಾಡಿ ಮೇಲೆ ಬಂದವರು. ಕೆಲಸ ಬಲ್ಲವರ ಮಾತನ್ನು ಕೇಳುತ್ತಿದ್ದರು, ಅದು ತಮಗೆ ತೊಂದರೆ ಕೊಡದಿರುವ ತನಕ.

ಆ ವರ್ಷದ ಮಳೆಗಾಲವೆಲ್ಲ ಅವಳಿಗೆ ಅದೇ ಕೆಲಸವಾಯಿತು. ಓದಿದಳು, ಪ್ರಯೋಗ ಮಾಡಿದಳು, ಕೆಡಿಸಿಕೊಂಡಳು, ಮತ್ತೆ ಕಟ್ಟಿದಳು. ಕೊನೆಗೊಂದು ದಿನ ಅರಸೀಕೆರೆಯ ಸ್ಟುಡಿಯೊದ ಸ್ಕ್ರೀನಿನ ಮೇಲೆ ಮೂರು ಊರಿನ ಹೆಸರುಗಳು ಒಂದರ ಕೆಳಗೊಂದು ಬಂದು ನಿಂತವು. ಪ್ರತಿ ಹೆಸರಿನ ಮುಂದೆ ಒಂದು ಹಸಿರು ಚುಕ್ಕೆ. ಮೂರೂ ಕಡೆ ಒಂದೇ ಥರ ಇದೆ ಎಂದು ಅದರ ಅರ್ಥ. ಯಾರಾದರೂ ಕೈತಪ್ಪಿ ಏನನ್ನಾದರೂ ಅಳಿಸಿದರೆ ಅದು ಕೂಡಲೇ ಹೋಗದೆ ಒಂದು ಕಸದಬುಟ್ಟಿಯಲ್ಲಿ ಕೆಲವು ವಾರ ಉಳಿಯುವಂತೆ ಮಾಡಿದ್ದಳು. ಆ ಬುಟ್ಟಿಯನ್ನೂ ಖಾಲಿ ಮಾಡಬೇಕಾದರೆ ಶಿವಪ್ರಕಾಶ್ ಅವರ ಮೊಬೈಲಿಗೆ ಒಂದು ಸಂಖ್ಯೆ ಬಂದು, ಅವರು ಅದನ್ನು ಹೇಳಿದ ಮೇಲೆಯೇ ಆಗಬೇಕು. ಇದರ ಮೇಲೆ ಇನ್ನೊಂದು ಪ್ರತಿಯನ್ನು ಬಿಡಿ ಡಿಸ್ಕುಗಳಲ್ಲಿ ತುಂಬಿ, ಯಾವ ತಂತಿಗೂ ಸೇರಿಸದೆ ಬೀರುವಿನಲ್ಲಿ ಬೀಗ ಹಾಕಿ ಇಟ್ಟಳು.

ಮುಂದಿನ ಬೇಸಿಗೆಯಲ್ಲಿ ಹಳೇಬೀಡಿನ ಸ್ಟುಡಿಯೊದ ಪಕ್ಕದ ತೆಂಗಿನ ಮರಕ್ಕೆ ಸಿಡಿಲು ಹೊಡೆಯಿತು. ಒಳಗಿದ್ದ ಪೆಟ್ಟಿಗೆ ಸುಟ್ಟು ಕಮಟು ವಾಸನೆ ಬಂತು. ಲತಾಮಣಿ ಹೊಸ ಪೆಟ್ಟಿಗೆ ಇಟ್ಟು ತಂತಿ ಸೇರಿಸಿದಳು ಅಷ್ಟೆ. ಉಳಿದೆರಡು ಊರುಗಳಿಂದ ಎಲ್ಲವೂ ತಾನಾಗಿ ಹರಿದು ಬಂದು ತುಂಬಿಕೊಂಡಿತು. ಮದುವೆಯ ಮನೆಯವರಿಗೆ ಯಾರಿಗೂ ಏನೂ ಗೊತ್ತಾಗಲಿಲ್ಲ. ಅಂದು ಮನೆಗೆ ಬಂದವಳು ಮೈಸೂರುಪಾಕಿನ ಪೊಟ್ಟಣ ತಂದಿದ್ದಳು. ನಮ್ಮ ಮನೆಗೂ ಕೊಟ್ಟಳು. ಅವಳು ಅಷ್ಟು ಸಂತೋಷವಾಗಿದ್ದುದನ್ನು ನಾನು ನೋಡಿದ್ದು ಅದೊಂದೇ ಸಲ.

ಬೋರಮ್ಮ ಅವಳಿಗೆ ಪರಿಚಯವಾದದ್ದು ಬೇಲೂರಿನ ಅಂಗಡಿಯಲ್ಲಿ. ಗೆಂಡೆಹಳ್ಳಿಯ ಬೋರಮ್ಮ, ರಾಗಿ ಬೆಳೆಯುವ ಮನೆಯವರು. ಮಗ ಕೃಷ್ಣಪ್ಪ, ಸೊಸೆ, ಮೊಮ್ಮಕ್ಕಳು ತುಂಬಿದ ಸಂಸಾರ. ಒಬ್ಬಳೇ ಮಗಳು ಹೇಮಾಶ್ರೀ ಮದುವೆಯಾದ ಎರಡನೆಯ ವರ್ಷ ಹೆರಿಗೆಯಲ್ಲಿ ಹೋಗಿಬಿಟ್ಟಿದ್ದಳು. ಆಲ್ಬಂ, ಸಿ.ಡಿ. ಎಲ್ಲ ಗಂಡನ ಮನೆಯಲ್ಲಿತ್ತು. ಅವರು ಹೊಸ ಸೊಸೆಯನ್ನು ತರುವ ಮೊದಲು ಅದನ್ನೆಲ್ಲ ಸುಟ್ಟರಂತೆ. ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ, ಮಗಳಿಗೆ ಎಡೆ ಇಡುವ ಮೊದಲು, ಬೋರಮ್ಮ ಬೇಲೂರಿಗೆ ಬಂದು ಸ್ಟುಡಿಯೊದ ಬೆಂಚಿನ ಮೇಲೆ ಕೂರುತ್ತಿದ್ದರು. ಅಲ್ಲಿನ ಕ್ಯಾಮೆರಾಮನ್ ದೀಪಕ್ ಹೇಮಾಶ್ರೀಯ ಮದುವೆಯ ವಿಡಿಯೊ ಹಾಕಿ ತನ್ನ ಕೆಲಸಕ್ಕೆ ಹೋಗುತ್ತಿದ್ದ. ಧಾರೆಯಿಂದ ಹಿಡಿದು ಹೆಣ್ಣು ಒಪ್ಪಿಸುವ ತನಕ ಬೋರಮ್ಮ ಕಣ್ಣು ಕದಲಿಸದೆ ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡು ಹೋಗುತ್ತಿದ್ದರು. ಪೆನ್‌ಡ್ರೈವಿಗೆ ಹಾಕಿ ಕೊಡುತ್ತೇನೆ ಎಂದು ದೀಪಕ್ ಹೇಳಿದರೂ ಬೇಡ ಎಂದಿದ್ದರು. “ಮನೇಲಿದ್ರೆ ದಿನಾ ನೋಡ್ತೀನಿ ಕಣಪ್ಪ. ದಿನಾ ನೋಡಿದ್ರೆ ನಾನು ಬದುಕಾಕಾಗಕಿಲ್ಲ.”

ಒಂದು ಮಹಾಲಯದಲ್ಲಿ ಲತಾಮಣಿಯೂ ಅಲ್ಲೇ ಪೆಟ್ಟಿಗೆ ನೋಡುತ್ತ ಕೂತಿದ್ದಳು. ಬೋರಮ್ಮ ಹೋಗುವಾಗ ಕೇಳಿದರು: “ಇದು ಕೆಟ್ಟೋಗಲ್ವೇನವ್ವ?”

“ಇಲ್ಲಮ್ಮ. ನಿಮ್ಮ ಮಗಳು ಈಗ ಮೂರು ಊರಲ್ಲಿದ್ದಾಳೆ. ಇಲ್ಲಿ ಕೆಟ್ರೆ ಹಳೇಬೀಡಲ್ಲಿ ಇರ್ತಾಳೆ, ಅಲ್ಲಿ ಕೆಟ್ರೆ ಅರಸೀಕೆರೇಲಿ.”

ಬೋರಮ್ಮ ಅವಳ ಗಲ್ಲ ಹಿಡಿದು ದೃಷ್ಟಿ ತೆಗೆದರು.

ಕಾವಲು ಸಡಿಲವಾದದ್ದು ಒಂದೇ ಸಲಕ್ಕಲ್ಲ. ಸಿಡಿಲಿನ ಪ್ರಸಂಗವಾದ ಮೇಲೆ ಶಿವಪ್ರಕಾಶ್ ಅವರಿಗೆ ಧೈರ್ಯ ಬಂದಿತ್ತು. ಮದುವೆಯ ಕಾಲ ಬಂದು ಡಿಸ್ಕುಗಳು ಸಾಲದಾದಾಗ ಬೀರುವಿನಲ್ಲಿದ್ದವನ್ನು ಹೊರಗೆ ತೆಗೆಸಿದರು.

“ಮೂರು ಕಡೆ ಇರೋದಕ್ಕೆ ನಾಲ್ಕನೇದ್ಯಾಕಮ್ಮ? ಸುಮ್ನೆ ಕೂತಿವೆ.”

“ಸರ್, ಅವು ತಂತಿಗೆ ಸೇರಿಲ್ಲ, ಅದಕ್ಕೇ ಬೇಕು. ಮೂರೂ ಒಂದೇ ಆಗಿದೆಯಲ್ಲ, ಒಂದಕ್ಕೆ ಆದದ್ದು ಮೂರಕ್ಕೂ ಆಗುತ್ತೆ.”

“ಆಗಲ್ಲ ಬಿಡು. ನೀನಿದ್ದೀಯಲ್ಲ.”

ಡಿಸ್ಕುಗಳನ್ನು ಅಳಿಸಿ ಹೊಸ ಮದುವೆಗಳನ್ನು ತುಂಬಿದರು. ಇನ್ನೊಂದು ಸಲ ಅವರು ಸಂಸಾರದೊಂದಿಗೆ ದೇವರ ದರ್ಶನದ ಸಾಲಿನಲ್ಲಿ ನಿಂತಾಗ ಮೊಬೈಲಿಗೆ ಮೇಲಿಂದ ಮೇಲೆ ಸಂಖ್ಯೆ ಬಂದು ಕಿರಿಕಿರಿಯಾಯಿತಂತೆ. ಊರಿಗೆ ಬಂದವರೇ ಬುಟ್ಟಿಗಿದ್ದ ಆ ಸಂಖ್ಯೆಯ ಕಾವಲನ್ನೂ ತೆಗೆಸಿದರು. ಎರಡು ಸಲವೂ ಲತಾಮಣಿ ಬೇಡವೆಂದಳು, ಎರಡು ಸಲವೂ ಕೊನೆಗೆ ಸೋತಳು. “ಅವರ ಅಂಗಡಿ, ಅವರ ಯಂತ್ರ. ಎಷ್ಟೂಂತ ಜಗಳ ಆಡಲಿ?” ಎಂದು ಭೀಮರಾಜನ ಹತ್ತಿರ ಹೇಳಿದ್ದಳಂತೆ.

ಕಳೆದ ವರ್ಷ ವೈಶಾಖದಲ್ಲಿ ಹನುಮಯ್ಯನವರಿಗೆ ಲಕ್ವ ಹೊಡೆಯಿತು. ಗಂಡಸಿಯಿಂದ ಹಾಸನದ ಆಸ್ಪತ್ರೆಗೆ ಸೇರಿಸಿದರು. ಲತಾಮಣಿ ರಜೆ ಹಾಕಿ ಅಪ್ಪನ ಪಕ್ಕದಲ್ಲಿ ಕೂತಳು. ಹೋಗುವ ಮುಂಚೆ ಶಿವಪ್ರಕಾಶ್ ಹೇಳಿದಂತೆ ಅವರ ಅಳಿಯ ಚೈತನ್ಯನಿಗೆ ಪಾಸ್‌ವರ್ಡ್ ಕೊಟ್ಟಳು. ಚೈತನ್ಯ ಬೇಲೂರಿನ ಅಂಗಡಿಯನ್ನು ನೋಡಿಕೊಳ್ಳುತ್ತಿದ್ದ. ಚುರುಕಿನ ಹುಡುಗ, ಕೈ ಸ್ವಲ್ಪ ಅವಸರ. ಮದುವೆಯ ಸುಗ್ಗಿಯಲ್ಲಿ ಬೇಲೂರಿನ ಪೆಟ್ಟಿಗೆ ತುಂಬಿಹೋಗಿ ಹೊಸ ವಿಡಿಯೊಗೆ ಜಾಗವಿಲ್ಲವೆಂದಿತು. ಹೇಗೂ ಇನ್ನೆರಡು ಊರಲ್ಲಿ ಪ್ರತಿ ಇದೆಯಲ್ಲ ಎಂದುಕೊಂಡು ಅವನು ಬೇಲೂರಿನ ಹೆಸರಿನ ಕೆಳಗಿದ್ದ ಹಳೆಯ ವರ್ಷಗಳನ್ನೆಲ್ಲ ಅಳಿಸಿದ. ಜಾಗವಾಗಲಿಲ್ಲ. ಅಳಿಸಿದ್ದೆಲ್ಲ ಕಸದಬುಟ್ಟಿಯಲ್ಲಿ ಕೂತಿತ್ತು. ಬುಟ್ಟಿಯನ್ನೂ ಖಾಲಿ ಮಾಡಿದ. ಖಚಿತವೇ ಎಂದು ಯಂತ್ರ ಕೇಳಿತು. ಹೌದು ಎಂದು ಒತ್ತಿದ.

ಬೇಲೂರಿನಲ್ಲಿ ಹೋದದ್ದು ಹಳೇಬೀಡಿನಲ್ಲೂ ಹೋಯಿತು, ಅರಸೀಕೆರೆಯಲ್ಲೂ ಹೋಯಿತು. ಮೂರೂ ಒಂದೇ ಥರ ಇರಬೇಕು ಎನ್ನುವುದೇ ಅವುಗಳಿಗೆ ಕಲಿಸಿದ್ದ ಪಾಠ. ಅಂಗಡಿಗಳ ಕಂಪ್ಯೂಟರುಗಳಲ್ಲಿದ್ದ ಹಳೆಯದನ್ನು ಜಾಗ ಉಳಿಸಲೆಂದು ಎಂದೋ ತೆಗೆದುಬಿಟ್ಟಿದ್ದರು. ಖಾಲಿಯಾದ ಜಾಗದ ಮೇಲೆ ಹೊಸ ಮದುವೆಗಳು ದಿನದಿನವೂ ಬಂದು ಬಿದ್ದವು. ಸ್ಕ್ರೀನಿನ ಮೇಲೆ ಮೂರು ಚುಕ್ಕೆಗಳೂ ಹಸಿರಾಗಿಯೇ ಇದ್ದವು.

ಯಾರಿಗೂ ಗೊತ್ತಿಲ್ಲದೆ ವಾರದ ಮೇಲಾಯಿತು. ಒಂದು ಬೆಳಗ್ಗೆ ಲತಾಮಣಿ ಅಪ್ಪನಿಗೆ ಗಂಜಿ ಕುಡಿಸುತ್ತಿದ್ದಾಗ ದೀಪಕನ ಫೋನು ಬಂತು.

“ಮೇಡಂ, ಅರೇಹಳ್ಳಿಯವರೊಬ್ರು ಬಂದವ್ರೆ. ಅವರ ತಾಯಿ ತೀರ್ಕೊಂಡವ್ರೆ, ಫ್ಲೆಕ್ಸಿಗೆ ಫೋಟೋ ಬೇಕಂತೆ. ಹಳೇ ಫೋಲ್ಡರ್ ಯಾವುದೂ ಕಾಣ್ತಿಲ್ಲ.”

“ಅರಸೀಕೆರೆದ್ರಿಂದ ತಗೊಳ್ಳಿ ದೀಪಕ್.”

“ಅಲ್ಲೂ ಇಲ್ಲ ಮೇಡಂ.”

“ಹಳೇಬೀಡು?”

“ಅಲ್ಲೂ ಅಷ್ಟೇ” ಎಂದ ದೀಪಕ್. ಚಮಚ ಕೈಯಲ್ಲೇ ಹಿಡಿದುಕೊಂಡು ಅವಳು ಕೇಳಿದಳು: “ಬುಟ್ಟಿ ನೋಡಿದ್ರಾ?”

“ಖಾಲಿ ಐತೆ ಮೇಡಂ. ಆದ್ರೆ ಎಲ್ಲಾ ಕಡೆ ಹಸಿರೇ ತೋರಿಸ್ತೈತೆ.”

ಆ ಕ್ಷಣದಲ್ಲೇ ತನಗೆ ಎಲ್ಲವೂ ತಿಳಿಯಿತು ಎಂದು ಅವಳು ಆಮೇಲೆ ಹೇಳಿದಳು. ಕೂಡಲೇ ಮೂರು ಅಂಗಡಿಗಳಿಗೂ ಫೋನು ಮಾಡಿ ಪೆಟ್ಟಿಗೆಗಳ ತಂತಿ ಕೀಳಿಸಿದಳು. ಅಪ್ಪನನ್ನು ಭೀಮರಾಜನಿಗೆ ಒಪ್ಪಿಸಿ, ಮೂರು ಊರಿನ ಡಿಸ್ಕುಗಳನ್ನೆಲ್ಲ ಬಿಚ್ಚಿಸಿ ತರಿಸಿ ಟವೆಲಿನಲ್ಲಿ ಸುತ್ತಿಕೊಂಡು ಬೆಂಗಳೂರಿನ ರೈಲು ಹತ್ತಿದಳು. ಅಳಿಸಿದ್ದನ್ನು ಮರಳಿ ತೆಗೆದುಕೊಡುವವರು ಅಲ್ಲಿದ್ದರು. ಅವರು ನೋಡಿ ತಲೆಯಾಡಿಸಿದರು. ಸ್ಲೇಟು ಒರೆಸಿದ್ದರೆ ಗುರುತು ಹಿಡಿಯಬಹುದಿತ್ತು, ಒರೆಸಿ ಅದರ ಮೇಲೆಯೇ ಮತ್ತೆ ಬರೆದಿದ್ದೀರಲ್ಲ ಎಂದರು. ಕೊನೆಗೆ ಸಿಕ್ಕಿದ್ದು ಚೂರುಗಳು. ಹೆಸರಿಲ್ಲ, ಊರಿಲ್ಲ, ವರ್ಷವಿಲ್ಲ. ಅರ್ಧ ಮುಖದ ಕೆಳಗೆ ಬೂದು ಬಣ್ಣದ ಪಟ್ಟಿ. ಹಾರವಿದೆ, ಕತ್ತಿಲ್ಲ. ಕಾಲುಂಗುರ ತೊಡಿಸುತ್ತಿರುವ ಕೈಗಳು, ಯಾರ ಕಾಲೋ. ವಿಡಿಯೊ ಎನ್ನುವುದು ಒಂದೂ ಉಳಿದಿರಲಿಲ್ಲ.

ಭಾನುವಾರಗಳಲ್ಲಿ ನಾನೂ ಭೀಮರಾಜನೂ ಅವಳ ಜೊತೆ ಕೂತು ಆ ಚೂರುಗಳನ್ನು ನೋಡಿದೆವು. ಮೇಷ್ಟರಲ್ಲವೇ, ಹುಡುಗರ ಮುಖ ಗುರುತು ಹಿಡಿಯಬಹುದೆಂದು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಹಣೆ ಮತ್ತು ಕಣ್ಣು ಸಿಕ್ಕವು. ಅವಳ ಮನೆಗೆ ಕಳಿಸಿದೆವು. ಅವರು ತೆಗೆದುಕೊಂಡು ಏನು ಮಾಡಿದರೋ ತಿಳಿಯದು. ಬರಬರುತ್ತ ಭೀಮರಾಜ್ ನಿಲ್ಲಿಸಿದ, ನಾನು ನಿಲ್ಲಿಸಿದೆ. ಲತಾಮಣಿ ನಿಲ್ಲಿಸಲಿಲ್ಲ. ಊಟ ಸೇರುತ್ತಿರಲಿಲ್ಲ. ಅತ್ತೆ ಚಲುವಮ್ಮ ತಟ್ಟೆ ತಂದು ಪಕ್ಕದಲ್ಲಿಟ್ಟರೆ ಹಾಗೇ ಇರುತ್ತಿತ್ತು.

“ಸತ್ತೋರನ್ನ ಎಷ್ಟು ಸಲ ಹುಡುಕ್ತೀಯೇ?” ಎಂದರು ಚಲುವಮ್ಮ ಒಂದು ದಿನ.

“ಸತ್ತೋರಿಗೆ ಏನಾಗಿಲ್ಲ ಅತ್ತೆ” ಎಂದಳು. “ಇದ್ದೋರು ಬಂದು ಕೇಳ್ತಾರಲ್ಲ.”

ಬಂದು ಕೇಳಿದರು. ಕೆಲವರು ಬೈದರು, ಕೆಲವರು ಮಾತಿಲ್ಲದೆ ಹೋದರು. ಶಿವಪ್ರಕಾಶ್ ಎಲ್ಲರಿಗೂ ಯಂತ್ರ ಕೆಟ್ಟಿತು ಎಂದು ಹೇಳಿಸಿದರು. ಅಳಿಯನ ಹೆಸರು ಎಲ್ಲೂ ಬರಲಿಲ್ಲ. ಯಂತ್ರ ನೋಡಿಕೊಳ್ಳುತ್ತಿದ್ದವರು ಯಾರು ಎಂದು ಜನ ಕೇಳಿದಾಗ ಮಾತ್ರ ಲತಾಮಣಿಯ ಹೆಸರು ಬಂತು. ಅರೇಹಳ್ಳಿಯ ಆ ಮನುಷ್ಯ ಬೇಲೂರಿನ ಅಂಗಡಿಯ ಮುಂದೆ ನಿಂತು, “ಅಂಥೋರ ಕೈಗೆ ಕೊಟ್ರೆ ಹಿಂಗೇ ಆಗೋದು” ಎಂದು ಕೂಗಾಡಿದನಂತೆ. ಅಂಥವರು ಎಂದರೆ ಎಂಥವರು ಎಂದು ಅಲ್ಲಿದ್ದ ಯಾರೂ ಕೇಳಲಿಲ್ಲ. ಅವಳು ಯಾವ ಕೇರಿಯವಳು ಎಂದು ಎಲ್ಲರಿಗೂ ಗೊತ್ತಿತ್ತು.

ಭೀಮರಾಜ್ ಸಿಟ್ಟಿನಿಂದ ಶಿವಪ್ರಕಾಶ್ ಅವರ ಮನೆಗೆ ಹೊರಟ. ಅವಳು ತಡೆದಳು. “ಆ ಹುಡುಗ ಒತ್ತಿದ, ನಿಜ. ಆದ್ರೆ ಒಂದು ಸಲ ಒತ್ತಿದ್ರೆ ಮೂರೂ ಹೋಗೋ ಹಂಗೆ ಕಟ್ಟಿದ್ದು ಯಾರ್ರೀ? ಮೂರು ಬೇರೆ ಬೇರೆ ಇದ್ದಿದ್ರೆ ಬೇಲೂರಿಂದಷ್ಟೇ ಹೋಗ್ತಿತ್ತು.”

ಭೀಮರಾಜ್ ಮೆಟ್ಟಿದ್ದ ಚಪ್ಪಲಿ ಬಿಟ್ಟು ಒಳಗೆ ಬಂದ. 

ಭಾದ್ರಪದ ಬಂತು. ಮಹಾಲಯದ ಹಿಂದಿನ ದಿನ ಲತಾಮಣಿ ಮೊದಲ ಬಸ್ಸಿಗೇ ಬೇಲೂರಿಗೆ ಹೋದಳು. ಬೇರೆಯವರಿಗೆ ದೀಪಕ್ ಹೇಳಬಹುದು, ಬೋರಮ್ಮನವರಿಗೆ ತಾನೇ ಹೇಳಬೇಕು ಎಂದು. ಬೋರಮ್ಮ ಎಂದಿನಂತೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಬೆಂಚಿನ ಮೇಲೆ ಕೂತರು. ಲತಾಮಣಿ ನೆಲದ ಮೇಲೆ ಅವರ ಕಾಲ ಬಳಿ ಕೂತು ಹೇಳಿದಳು. ಮಗಳ ವಿಡಿಯೊ ಇಲ್ಲ, ಹೋಯಿತು, ಮತ್ತೆ ಬರುವುದಿಲ್ಲ.

“ಕರೆಂಟ್ ಇಲ್ವೇನವ್ವ? ಕುಂತಿರ್ತೀನಿ ಬಿಡು, ಬರ್ಲಿ.”

“ಕರೆಂಟ್ ಇದೆಯಮ್ಮ. ವಿಡಿಯೊನೇ ಅಳಿಸಿಹೋಗಿದೆ.”

ಬೋರಮ್ಮ ಸ್ಕ್ರೀನನ್ನೂ ಅವಳನ್ನೂ ನೋಡಿದರು. “ಹಳೇಬೀಡಲ್ಲಿ ಒಂದೈತೆ ಅಂದಿದ್ದೆಲ್ಲ? ಇಲ್ಲಿ ಕೆಟ್ರೆ ಅಲ್ಲಿರ್ತಾಳೆ ಅಂತ ನೀನೇ ಹೇಳಿದ್ದೆ.”

“ಅಲ್ಲೂ ಇಲ್ಲಮ್ಮ.”

“ನೀನು ಹೋಗಿ ನೋಡಿದ್ಯಾ?”

“ಇಲ್ಲಿಂದಲೇ ಕಾಣುತ್ತೆ ಅಮ್ಮ.”

“ಇಲ್ಲಿಂದ ಹೆಂಗೆ ಕಾಣ್ತದೆ?” ಬೋರಮ್ಮ ಎದ್ದು ಚಪ್ಪಲಿ ಮೆಟ್ಟಿಕೊಂಡರು. “ನಾನು ಹೋಗಿ ನೋಡ್ಕಂಡು ಬತ್ತೀನಿ.”

ಅವರನ್ನು ತಡೆಯಲಾಗಲಿಲ್ಲ. ಲತಾಮಣಿಯೂ ಜೊತೆಗೆ ಹಳೇಬೀಡಿನ ಬಸ್ಸು ಹತ್ತಿದಳು. ಹೆಂಗಸರಿಗೆ ಉಚಿತ ಟಿಕೆಟ್ ಕೊಡುವ ಮುನ್ನ ಕಂಡಕ್ಟರ್ ಆಧಾರ್ ಕಾರ್ಡು ಕೇಳಿದ. ಬೋರಮ್ಮ ಪ್ಲಾಸ್ಟಿಕ್ ಕವರಿನಿಂದ ತೆಗೆದುಕೊಟ್ಟದ್ದನ್ನು ನೋಡಿ, “ಇದು ನಿಮ್ದಲ್ಲ ಕಣಮ್ಮೋ” ಎಂದು ವಾಪಸು ಕೊಟ್ಟ. ಅದು ಹೇಮಾಶ್ರೀಯದು. ಲತಾಮಣಿ ನೋಡಿದಳು. ಕಪ್ಪು ಹಿಡಿದ ಚಿಕ್ಕ ಚೌಕದಲ್ಲಿ ಬಾಯಿ ಬಿಗಿದುಕೊಂಡ ಒಂದು ಹುಡುಗಿ. “ಇದ್ರಾಗೆ ಅವಳು ಅವಳಂಗೇ ಇಲ್ಲ. ಕಳ್ಳಿ ಹಂಗೆ ಕಾಣ್ತಾಳೆ” ಎಂದು ಬೋರಮ್ಮ ಅದನ್ನು ಒಳಗಿಟ್ಟು ತಮ್ಮ ಕಾರ್ಡು ಕೊಟ್ಟರು.

ಹಳೇಬೀಡಿನ ಅಂಗಡಿಯಲ್ಲಿ ಚೇತನ್‌ಕುಮಾರ್ ಎನ್ನುವ ಹುಡುಗ, ಕೆರೆಯ ದಂಡೆಯಲ್ಲಿ ತೆಗೆದ ಒಂದು ಜೋಡಿಯ ಫೋಟೋಗಳನ್ನು ಸರಿಮಾಡುತ್ತಿದ್ದ. ಮದುವೆಗೆ ಮುಂಚಿನ ಫೋಟೋಗಳು. ಹುಡುಗಿ ಕೆಂಪು ಗೌನು ತೊಟ್ಟು ನಗುತ್ತಿದ್ದಳು. ಲತಾಮಣಿ ಹೇಳಿದಂತೆ ಅವನು ಪೆಟ್ಟಿಗೆಯೊಳಗಿದ್ದದ್ದನ್ನೆಲ್ಲ ಒಂದೊಂದಾಗಿ ತೆರೆದು ತೋರಿಸಿದ. ಬೋರಮ್ಮ ಪ್ರತಿ ಮದುಮಗಳ ಮುಖಕ್ಕೂ ಬಾಗಿ ನೋಡಿ, “ಇವಳಲ್ಲ. ಇವಳೂ ಅಲ್ಲ” ಎನ್ನುತ್ತ ಹೋದರು. ಮುಗಿದ ಮೇಲೆ, “ಅರಸೀಕೆರೇದು ನೋಡಿಬಿಡಾನ” ಎಂದರು.

 ಜಾವಗಲ್ಲಿನಲ್ಲಿ ಬಸ್ಸು ನಿಂತಾಗ ಲತಾಮಣಿ ಬಾಳೆಹಣ್ಣು ಕೊಂಡು ಕೊಟ್ಟಳು. ಬೋರಮ್ಮ ಕೈಯಲ್ಲಿ ಹಿಡಿದುಕೊಂಡೇ ಇದ್ದರು.

ಅರಸೀಕೆರೆಯ ಸ್ಟುಡಿಯೊದಲ್ಲಿ ಶಿವಪ್ರಕಾಶ್ ಇದ್ದರು. ಮುದುಕಿಯ ಮುಖ ನೋಡಿ ಕುರ್ಚಿಯಿಂದ ಎದ್ದು ಕೈಮುಗಿದರು. “ಯಂತ್ರ ಕೆಟ್ಟೋಯ್ತು ಕಣಮ್ಮ, ಏನು ಮಾಡಾಣ.”

“ಮೂರೂ ಒಂದೇ ದಿನ ಕೆಟ್ಟೋದ್ವಾ ಸ್ವಾಮಿ?”

ಶಿವಪ್ರಕಾಶ್ ಲತಾಮಣಿಯ ಕಡೆ ನೋಡಿದರು. ಅವಳು ಸ್ಕ್ರೀನನ್ನು ಬೋರಮ್ಮನವರ ಕಡೆ ತಿರುಗಿಸಿದಳು. ಮೂರು ಊರುಗಳ ಹೆಸರನ್ನು ಓದಿ ಹೇಳಿ, ಒಂದೊಂದನ್ನೂ ತೆರೆದು, ಹಳೆಯ ವರ್ಷಗಳಿರಬೇಕಾದ ಜಾಗ ಬರಿದಾಗಿರುವುದನ್ನು ತೋರಿಸಿದಳು. ಬೋರಮ್ಮನವರಿಗೆ ಓದಲು ಬಾರದು. ಆದರೂ ಆ ಬಿಳಿಯ ಜಾಗವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಲತಾಮಣಿ ಅವರನ್ನು ಆಟೊದಲ್ಲಿ ಮನೆಗೆ ಕರೆತಂದಳು. ಗೆಂಡೆಹಳ್ಳಿಗೆ ಫೋನು ಮಾಡಿದಳು. ಮಗ ಕೃಷ್ಣಪ್ಪ ಯಾರದೋ ಪಿಕಪ್ ಹಿಡಿದುಕೊಂಡು ಬರುತ್ತೇನೆಂದ. ನಾನು ಶಾಲೆಯಿಂದ ಬಂದಾಗ ಬೋರಮ್ಮ ಲತಾಮಣಿಯ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಎದುರಿನ ಗೋಡೆಯ ಮೇಲೆ ಬುದ್ಧನ ಪಟ. ಚಲುವಮ್ಮ ಮುದ್ದೆ ಹುಳಿ ಬಡಿಸಿ, ಉಣ್ಣುತ್ತಾರೋ ಇಲ್ಲವೋ ಎಂಬ ಅನುಮಾನದಿಂದಲೇ ತಟ್ಟೆಯನ್ನು ತುಸು ದೂರದಲ್ಲಿಟ್ಟಿದ್ದರು. ಬೋರಮ್ಮ ಅದನ್ನು ಹತ್ತಿರಕ್ಕೆ ಎಳೆದುಕೊಂಡು ಎರಡು ತುತ್ತು ನುಂಗಿ ಕೈ ನಿಲ್ಲಿಸಿದರು.

“ನೀನು ಅಲ್ಲೇ ಇದ್ದೆಲ್ಲವ್ವ” ಎಂದರು ಲತಾಮಣಿಗೆ. “ನಾನು ನೋಡ್ವಾಗ ನೀನೂ ಪಕ್ಕದಾಗೇ ಕುಂತಿದ್ದೆ. ನಗ್ವಾಗ ಅವಳಿಗೆ ಗುಳಿ ಬೀಳ್ತಿತ್ತು. ಯಾವ ಕೆನ್ನೆ ಮ್ಯಾಲೆ? ಬಸ್ಸಾಗೆ ಕುಂತು ಯೋಚನೆ ಮಾಡ್ತಾ ಬಂದೆ. ಎಡಕ್ಕೋ ಬಲಕ್ಕೋ ಗೊತ್ತಾಗಂಗಿಲ್ಲ. ಹೆತ್ತೋಳಿಗೆ ಗೊತ್ತಾಗಂಗಿಲ್ಲ ಅಂದ್ರೆ! ವರ್ಷ ವರ್ಷ ನೋಡ್ತಿದ್ನಲ್ಲ, ನೆನಪಲ್ಲಿ ಇಟ್ಕಳಾಕೇ ಹೋಗಿಲ್ಲ ನಾನು. ನೀನು ಹೇಳು.”

 ಸುಳ್ಳಾಗಿಯಾದರೂ ಒಂದನ್ನು ಹೇಳಿಬಿಡಲಿ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಅವಳು ಹೇಳಲಿಲ್ಲ.

“ನಾನು ನೋಡಿಲ್ಲಮ್ಮ.”

“ಪಕ್ಕದಾಗೇ ಇದ್ದೆ.”

“ಇದ್ದೆ. ಕಾಪಿ ಸರಿಯಾಗಿ ಆಗ್ತಿದೆಯಾ ಅಂತ ಬೇರೆ ಸ್ಕ್ರೀನ್ ನೋಡ್ತಿದ್ದೆ. ನಿಮ್ಮ ಮಗಳ ಮುಖ ಒಂದು ಸಲವೂ ನೋಡಿಲ್ಲ. ಯಾರ ಮುಖವನ್ನೂ ನೋಡಿಲ್ಲ.”

ಬೋರಮ್ಮ ಅವಳನ್ನು ನೋಡಿದರು. ಸಿಟ್ಟಾಗಲಿಲ್ಲ. ಹುಳಿ ಮೆತ್ತಿದ ಕೈಯನ್ನು ತಟ್ಟೆಯ ಮೇಲೆ ಹಾಗೇ ಹಿಡಿದುಕೊಂಡು, ಇನ್ನು ಕೇಳುವುದೇನೂ ಉಳಿದಿಲ್ಲ ಎನ್ನುವ ಹಾಗೆ ಗೋಡೆಗೆ ತಲೆ ಒರಗಿಸಿದರು. ಲತಾಮಣಿ ಹೊರಗೆ ಬಂದು ದೀಪಕನಿಗೆ ಫೋನು ಮಾಡಿದಳು. ಆ ಮದುವೆಯನ್ನು ಹಿಡಿದವನು ಅವನೇ. “ಎಷ್ಟೋ ಮದುವೆ ಮಾಡಿದ್ದೀನಿ ಮೇಡಂ. ಮುಖ ನೆನಪಿರಲ್ಲ” ಎಂದನಂತೆ.

ದೀಪ ಹಚ್ಚುವ ಹೊತ್ತಿಗೆ ಕೃಷ್ಣಪ್ಪ ಬಂದ. ಹೊಲದಿಂದ ನೇರವಾಗಿ ಬಂದವನ ಹಾಗಿದ್ದ, ಪಂಚೆಯ ಅಂಚಿಗೆ ಕೆಸರು. ತಾಯಿ ಅವನನ್ನೂ ಅದನ್ನೇ ಕೇಳಿದರು. ಅವನು ತಾಯಿಯ ತೋಳು ಹಿಡಿದು, “ಎರಡೂ ಕಡೆ ಬೀಳ್ತಿತ್ತು ಕಣವ್ವ. ಏಳು, ಹೋಗಾನ” ಎಂದ.

“ಇವನಿಗೂ ಗೊತ್ತಿಲ್ಲ” ಎಂದರು ಬೋರಮ್ಮ, ನಮ್ಮೆಲ್ಲರನ್ನೂ ನೋಡಿ.

ಅವರನ್ನು ಗಾಡಿಯಲ್ಲಿ ಕೂರಿಸಿ ಕೃಷ್ಣಪ್ಪ ಬಾಗಿಲಿಗೆ ಮರಳಿ ಬಂದ. ಲತಾಮಣಿ ಹೊಸ್ತಿಲಲ್ಲಿ ನಿಂತಿದ್ದಳು. ಚೂರುಗಳನ್ನು ಇನ್ನೂ ಹುಡುಕುತ್ತಿದ್ದೇನೆ, ಏನಾದರೂ ಸಿಕ್ಕರೆ ಗೆಂಡೆಹಳ್ಳಿಗೇ ತಂದುಕೊಡುತ್ತೇನೆ ಎಂದಳು.

“ಬ್ಯಾಡ ಮೇಡಂ” ಎಂದ. ದನಿಯಲ್ಲಿ ಬೇಸರವಿತ್ತು, ಒರಟುತನವಿರಲಿಲ್ಲ. “ನೀವು ಬರ್ಬ್ಯಾಡಿ, ಫೋನೂ ಮಾಡ್ಬ್ಯಾಡಿ. ನೀವು ಹುಡುಕ್ತಾ ಇದ್ದೀರ ಅಂತ ಗೊತ್ತಾದ್ರೆ ನಮ್ಮವ್ವ ಕಾಯ್ತಾ ಕುಂತ್ಕತ್ತಾಳೆ. ಇಲ್ಲ ಅಂದ್ರೆ ಇಲ್ಲ ಅಂತ ಆಗ್ಲಿ.”

“ಆಯ್ತು” ಎಂದಳು ಲತಾಮಣಿ.

ಆ ತಿಂಗಳೇ ಅವಳು ಸ್ಟುಡಿಯೊ ಬಿಟ್ಟಳು. ಶಿವಪ್ರಕಾಶ್ ತಡೆಯಲಿಲ್ಲ. ಈಗ ಒಂದು ಖಾಸಗಿ ಕಾಲೇಜಿನ ಕಚೇರಿಯಲ್ಲಿ ಹಾಜರಾತಿ ತುಂಬುವ ಕೆಲಸ. ಅಲ್ಲಿಯ ಕಂಪ್ಯೂಟರ್ ಕೆಟ್ಟರೆ ಹೊರಗಿನಿಂದ ಯಾರನ್ನೋ ಕರೆಸುತ್ತಾರೆ, ಇವಳು ಪಕ್ಕದ ಮೇಜಿನಲ್ಲಿ ಕೂತಿದ್ದರೂ ಏಳುವುದಿಲ್ಲ. ಹನುಮಯ್ಯನವರಿಗೆ ಬಲಗೈ ಇನ್ನೂ ಎತ್ತಲಾಗುವುದಿಲ್ಲ. ರಜೆಯ ದಿನ ಗಂಡಸಿಗೆ ಹೋಗಿ ನೋಡಿಕೊಂಡು ಬರುತ್ತಾಳೆ. ಸ್ಟುಡಿಯೊದ ಹೊಸ ಹುಡುಗ ಮೊನ್ನೆ ಅವಳಿಗೆ ಫೋನು ಮಾಡಿ, ನೀವು ಕಟ್ಟಿದ ವ್ಯವಸ್ಥೆ ಬಹಳ ಚೆನ್ನಾಗಿ ನಡೆಯುತ್ತಿದೆ, ಒಂದು ದಿನವೂ ನಿಂತಿಲ್ಲ ಎಂದು ಹೊಗಳಿದನಂತೆ. ಭೀಮರಾಜ್ ಇದನ್ನು ನನಗೆ ಹೇಳುತ್ತಿದ್ದಾಗ ಅವಳು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಕೇಳಿಸಿರಬೇಕು. ಬಕೆಟ್ ಎತ್ತಿಕೊಂಡು ಒಳಗೆ ಹೋದಳು.